ಓದುಗರ ಪ್ರಶ್ನೆಗೆ ಉತ್ತರ: 1822 ಖಾಲಿ ವರ್ಷವೇ?

ಯಾವುದಾದರೂ ಒಂದು ಇಸವಿ ಬರೆದು ಕಳಿಸಿ, ಆ ವರ್ಷ ಜಗತ್ತಿನಲ್ಲಿ ಏನೇನಾಯಿತು ಅಂತ ಹೇಳುತ್ತೇನೆ ಎಂದಿದ್ದೆ. 1789, 1857, 1914 ಹೀಗೆ ಎಲ್ಲರಿಗೂ ಗೊತ್ತಿರುವ ಇಸವಿಗಳೇ ಜಾಸ್ತಿ ಬಂದವು. ಒಂದು ಕಾರ್ಡಿನಲ್ಲಿ ಮಾತ್ರ ‘1822’ ಅಂತಿತ್ತು. ನೋಡಿ ತುಂಬ ಖುಷಿಯಾಯಿತು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ವರ್ಷಕ್ಕೊಂದು ಪುಟದಂತೆ ಟಿಪ್ಪಣಿ ಬರೆದಿಡುವ ಅಭ್ಯಾಸ ಇದೆ. ಆ ಪುಸ್ತಕದಲ್ಲಿ ಜಾಗ ಸಾಲದೆ ಮತ್ತೆರಡು ಹಾಳೆ ಅಂಟಿಸಿಕೊಂಡಿರುವ ಪುಟ 1822ರದ್ದು. ಮುಂದಿನ ಸಲ ಇದೇ ವರ್ಷ ಅಂತ ತಿಳಿಸಿದ ಮೇಲೆ ಇನ್ನಷ್ಟು ಪ್ರಶ್ನೆಗಳು ಬಂದವು.

ಪ್ರಶ್ನೆ: ನೆಪೋಲಿಯನ್ 1821ರಲ್ಲೇ ತೀರಿಕೊಂಡ. ಪಾಠದ ಪುಸ್ತಕ ಅಲ್ಲಿಂದ ಸೀದಾ 1830ಕ್ಕೆ ಹಾರುತ್ತದೆ. ಹಾಗಾದರೆ 1822 ಖಾಲಿ ವರ್ಷ ಅಲ್ವಾ?

ಉತ್ತರ: ಅಲ್ಲ. ಜನವರಿಯಲ್ಲಿ ಗ್ರೀಕರು ಎಪಿಡೌರಸ್‌ನಲ್ಲಿ ಸಭೆ ಸೇರಿ ತಾವು ಸ್ವತಂತ್ರರು ಎಂದು ಸಾರಿದರು. ಏಪ್ರಿಲ್‌ನಲ್ಲಿ ಆಟೊಮನ್ ಸುಲ್ತಾನನ ಹಡಗುಪಡೆ ಕಿಯೋಸ್ ದ್ವೀಪಕ್ಕೆ ಬಂತು. ಹತ್ತಾರು ಸಾವಿರ ಜನ ಸತ್ತರು. ಉಳಿದವರಲ್ಲಿ ಬಹಳ ಜನರನ್ನು ಗುಲಾಮರಾಗಿ ಮಾರಿದರು. ಎರಡು ವರ್ಷದ ಮೇಲೆ ದೆಲಕ್ರಾ ಅದರ ಚಿತ್ರ ಬರೆದ. ಅದು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಸತ್ತ ತಾಯಿಯ ಎದೆಗೆ ಅಂಟಿಕೊಂಡ ಮಗು ಅದರಲ್ಲಿದೆ. ಆ ಮೂಲೆಯನ್ನು ಜಾಸ್ತಿ ಹೊತ್ತು ನೋಡಲು ನನ್ನಿಂದ ಆಗಿಲ್ಲ.

ಮೇ 24ರಂದು ದಕ್ಷಿಣ ಅಮೆರಿಕದ ಪಿಚಿಂಚ ಬೆಟ್ಟದ ಇಳಿಜಾರಿನಲ್ಲಿ ನಡೆದ ಯುದ್ಧದಿಂದ ಕ್ವಿಟೊ ನಗರ ಸ್ಪೇನಿನ ಕೈ ತಪ್ಪಿತು. ಜುಲೈನಲ್ಲಿ ಗ್ವಾಯಾಕಿಲ್ ಊರಿನಲ್ಲಿ ಬೊಲಿವಾರ್ ಮತ್ತು ಸಾನ್ ಮಾರ್ಟಿನ್ ಭೇಟಿಯಾದರು. ಒಬ್ಬ ದಕ್ಷಿಣ ಅಮೆರಿಕವನ್ನು ಉತ್ತರದಿಂದ ಬಿಡಿಸುತ್ತ ಬಂದವನು, ಇನ್ನೊಬ್ಬ ದಕ್ಷಿಣದಿಂದ. ಕೋಣೆಯಲ್ಲಿ ಅವರಿಬ್ಬರೇ. ಮಾತು ಮುಗಿದ ಮೇಲೆ ಸಾನ್ ಮಾರ್ಟಿನ್ ಎಲ್ಲ ಅಧಿಕಾರ ಬಿಟ್ಟು ಹೊರಟುಹೋದ. 1850ರಲ್ಲಿ ಫ್ರಾನ್ಸಿನಲ್ಲಿ ಸತ್ತ.

ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಹುಟ್ಟಿದ್ದು ಆ ವರ್ಷ ಜುಲೈನಲ್ಲಿ, ಲೂಯಿ ಪಾಶ್ಚರ್ ಡಿಸೆಂಬರ್‌ನಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಆಗಸ್ಟ್ 25ರಂದು ತೀರಿಕೊಂಡ. ಆಗ ಅವನಿಗೆ 83 ವರ್ಷ. ಯುರೇನಸ್ ಸೂರ್ಯನನ್ನು ಒಂದು ಸುತ್ತು ಹಾಕಲು ಬೇಕಾಗುವುದು 84 ವರ್ಷ.

ಪ್ರಶ್ನೆ: ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ್ದು ಅದೇ ವರ್ಷ ಅಂತಾರೆ. ರೊಸೆಟ್ಟಾ ಕಲ್ಲು ಸಿಕ್ಕಿದ್ದು 1799ರಲ್ಲಿ. ಅದರಲ್ಲಿ ಗ್ರೀಕ್ ಅನುವಾದವೂ ಇತ್ತು. ಮತ್ತೆ 23 ವರ್ಷ ಯಾಕೆ ಬೇಕಾಯಿತು?

ಉತ್ತರ: ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಆ ಕಲ್ಲಿನ ಮೇಲೆ ಒಂದೇ ಆಜ್ಞೆ ಮೂರು ಲಿಪಿಯಲ್ಲಿದೆ. ಮೇಲೆ ಚಿತ್ರಲಿಪಿ, ನಡುವೆ ಡೆಮೋಟಿಕ್ ಎಂಬ ಓಡುಬರಹ, ಕೆಳಗೆ ಗ್ರೀಕ್. ಕ್ರಿಸ್ತಪೂರ್ವ 196ರ ಆಜ್ಞೆ ಅದು. ಕಲ್ಲಿನ ಮೇಲ್ಭಾಗ ಒಡೆದಿದ್ದರಿಂದ ಚಿತ್ರಲಿಪಿಯ 14 ಸಾಲು ಮಾತ್ರ ಉಳಿದಿವೆ. ಆದರೆ ನಿಜವಾದ ತೊಡಕು ಕಲ್ಲಿನಲ್ಲಿರಲಿಲ್ಲ, ಓದುವವರ ತಲೆಯಲ್ಲಿತ್ತು. ಇವು ಚಿತ್ರಗಳು, ಒಂದೊಂದು ಚಿತ್ರಕ್ಕೆ ಒಂದೊಂದು ಗಹನವಾದ ಅರ್ಥ ಅಂತ ನೂರಾರು ವರ್ಷದಿಂದ ಎಲ್ಲರೂ ನಂಬಿಕೊಂಡಿದ್ದರು.

ಜಾನ್ ಫ್ರಾನ್ಸ್ವಾ ಶಾಂಪೊಲ್ಯೊ ಫ್ರಾನ್ಸಿನ ಫಿಜಾಕ್ ಎಂಬ ಊರಿನವನು. ಹುಡುಗನಾಗಿದ್ದಾಗಲೇ ಕಾಪ್ಟಿಕ್ ಭಾಷೆ ಕಲಿತ. ಈಜಿಪ್ಟಿನ ಕ್ರೈಸ್ತರು ಪ್ರಾರ್ಥನೆಯಲ್ಲಿ ಬಳಸುವ ಭಾಷೆ ಅದು, ಹಳೆಯ ಈಜಿಪ್ಟ್ ಭಾಷೆಯ ಕೊನೆಯ ಕವಲು. 1821ರ ಕೊನೆಗೆ ಅವನು ಒಂದು ಸರಳ ಕೆಲಸ ಮಾಡಿದ. ಸುಮ್ನೆ ಎಣಿಸಿದ. ಗ್ರೀಕ್ ಪಾಠದಲ್ಲಿ 486 ಪದಗಳು. ಒಡೆದು ಉಳಿದ ಚಿತ್ರಲಿಪಿಯಲ್ಲೇ 1,419 ಚಿಹ್ನೆಗಳು. ಒಂದು ಚಿತ್ರಕ್ಕೆ ಒಂದು ಪದ ಅನ್ನುವುದಾದರೆ ಈ ಲೆಕ್ಕ ಕೂಡುವುದೇ ಇಲ್ಲ! ಅಂದರೆ ಕೆಲವು ಚಿಹ್ನೆಗಳಾದರೂ ಬರೀ ಉಚ್ಚಾರಕ್ಕೆ ಇರಬೇಕು. ಎಣಿಸುವುದಕ್ಕೆ ಯಾವ ಪಾಂಡಿತ್ಯವೂ ಬೇಡ. ಹಾಗಿದ್ದೂ ಅದಕ್ಕೆ ಅಷ್ಟು ವರ್ಷ ಹಿಡಿಯಿತು.

ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್ ಅದಕ್ಕೂ ಮೊದಲೇ ಟಾಲೆಮಿ ಎಂಬ ದೊರೆಯ ಹೆಸರನ್ನು ಗುರುತಿಸಿದ್ದ. ಅದು ಗ್ರೀಕ್ ಮೂಲದ ಹೆಸರು. ಹೊರಗಿನವರ ಹೆಸರಿಗೆ ಮಾತ್ರ ಹೀಗೆ ಉಚ್ಚಾರ ನೋಡಿ ಬರೆಯುತ್ತಿದ್ದರು ಅಂತ ಅವನು ತಿಳಿದಿದ್ದ. ಅಲ್ಲಿಗೆ ನಿಂತ.

1822ರ ಸೆಪ್ಟೆಂಬರ್ 14. ಅಬು ಸಿಂಬೆಲ್ ಗುಡಿಯಿಂದ ನಕಲು ಮಾಡಿ ತಂದ ರೇಖಾಚಿತ್ರಗಳು ಶಾಂಪೊಲ್ಯೊ ಕೈಗೆ ಬಂದವು. ಉದ್ದ ದುಂಡಗಿನ ಗೆರೆಯ ಒಳಗೆ ಒಬ್ಬ ದೊರೆಯ ಹೆಸರು. ಮೊದಲು ಸೂರ್ಯನ ಬಿಂಬ. ಕಾಪ್ಟಿಕ್‌ನಲ್ಲಿ ಸೂರ್ಯನಿಗೆ ‘ರೆ’. ಕೊನೆಯಲ್ಲಿ ಎರಡು ‘ಸ’, ಅದು ಅವನಿಗೆ ಮೊದಲೇ ಗೊತ್ತಿತ್ತು. ನಡುವಿನ ಚಿಹ್ನೆ ‘ಮ’ ಇರಬಹುದೇ? ರೆ, ಮ, ಸ, ಸ. ಆ ಲಿಪಿಯಲ್ಲಿ ಸ್ವರಗಳನ್ನು ಬರೆಯುವುದಿಲ್ಲ. ಕಾಗುಣಿತವನ್ನೇ ಬಿಟ್ಟು ಬರೆದ ಹಾಗೆ. ಸ್ವರ ಸೇರಿಸಿ ಓದಿದರೆ ರಾಮ್ಸೆಸ್! ಗ್ರೀಕರು ಬರುವುದಕ್ಕೆ ಸಾವಿರ ವರ್ಷ ಹಿಂದಿನ ಅಪ್ಪಟ ಈಜಿಪ್ಟ್ ದೊರೆ. ಅಂದರೆ ತಮ್ಮವರ ಹೆಸರನ್ನೂ ಅವರು ಹೀಗೇ ಬರೆಯುತ್ತಿದ್ದರು.

ಅವನು ಅಣ್ಣನ ಕಚೇರಿಗೆ ಓಡಿ, ‘ಸಿಕ್ಕಿತು’ ಎಂದು ಕೂಗಿ ಅಲ್ಲೇ ಕುಸಿದುಬಿದ್ದ ಅಂತ ಮನೆಯವರು ಹೇಳಿಕೊಂಡು ಬಂದ ಕಥೆ. ಸೆಪ್ಟೆಂಬರ್ 27ರಂದು ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಅವನ ಪತ್ರದ ಓದು ನಡೆಯಿತು. ಕೇಳುವವರ ನಡುವೆ ಥಾಮಸ್ ಯಂಗ್ ಕೂಡ ಇದ್ದ. ಒಂದು ಮಾತು ಸೇರಿಸಬೇಕು. ಆ ಪತ್ರದಲ್ಲಿ ಮುಖ್ಯವಾಗಿ ಇದ್ದದ್ದು ಗ್ರೀಕ್, ರೋಮನ್ ದೊರೆಗಳ ಹೆಸರುಗಳೇ. ಪೂರ್ತಿ ವ್ಯವಸ್ಥೆಯನ್ನು ಅವನು ಬಿಡಿಸಿಟ್ಟಿದ್ದು 1824ರ ಪುಸ್ತಕದಲ್ಲಿ. 41ನೇ ವಯಸ್ಸಿಗೇ ತೀರಿಕೊಂಡ. ಅದಕ್ಕೆ ಮೊದಲು ಒಂದು ಸಲ ಈಜಿಪ್ಟಿಗೆ ಹೋಗಿ, ಆ ಗೋಡೆಗಳ ಮುಂದೆ ನಿಂತು ಓದಿ ಬಂದ. ಅದೊಂದು ಆಸೆ ಅವನಿಗೆ ಈಡೇರಿತಲ್ಲ ಅಂತ ನನಗೆ ಯಾವಾಗಲೂ ಸಮಾಧಾನ.

ಪ್ರಶ್ನೆ: ಬ್ರೆಜಿಲ್ ಸ್ವತಂತ್ರವಾಯಿತು ಎಂದು ಸಾರಿದ್ದು ಪೋರ್ಚುಗಲ್ ರಾಜನ ಮಗನೇ ಅಂತೆ. ಅಪ್ಪನ ವಿರುದ್ಧ ಮಗನೇ ಹೇಗೆ ನಿಂತ?

ಉತ್ತರ: ಅಪ್ಪನೇ ದಾರಿ ತೋರಿಸಿದ್ದ. ನೆಪೋಲಿಯನ್ ಸೈನ್ಯ ಲಿಸ್ಬನ್‌ಗೆ ನುಗ್ಗಿದಾಗ, 1807ರ ಕೊನೆಗೆ, ಪೋರ್ಚುಗಲ್ಲಿನ ಅರಮನೆಗೆ ಅರಮನೆಯೇ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು. ಆಗ ಮಗ ಪೆಡ್ರೊಗೆ ಒಂಬತ್ತು ವರ್ಷ. ಬೆಳೆದದ್ದೆಲ್ಲ ಅಲ್ಲೇ. 1821ರಲ್ಲಿ ಅಪ್ಪ ಜುವಾವ್ ದೊರೆ ಲಿಸ್ಬನ್‌ಗೆ ಮರಳುವಾಗ, ಬ್ರೆಜಿಲ್ ಬೇರೆಯಾಗುವುದೇ ಆದರೆ ಅದು ನಿನ್ನ ಕೈಯಲ್ಲೇ ಇರಲಿ ಎಂಬ ಅರ್ಥದ ಮಾತು ಹೇಳಿ ಹೋಗಿದ್ದ. ಮಗ ಮುಂದೆ ಪತ್ರದಲ್ಲಿ ಅದನ್ನು ಅಪ್ಪನಿಗೇ ನೆನಪಿಸುತ್ತಾನೆ. ಲಿಸ್ಬನ್ನಿನ ಸಂಸತ್ತು ಪೆಡ್ರೊ ವಾಪಸ್ ಬರಲಿ ಎಂದು ಹಟ ಹಿಡಿಯಿತು. 1822ರ ಜನವರಿ 9ರಂದು ಅವನು ‘ನಾನು ಇಲ್ಲೇ ಇರುತ್ತೇನೆ’ ಎಂದ.

ಆದರೆ ಈ ಕಥೆಯಲ್ಲಿ ನಾನು ಜಾಸ್ತಿ ನೆನೆಯುವುದು ಅವನ ಹೆಂಡತಿ ಲಿಯೊಪೋಲ್ಡೀನಾಳನ್ನು. ಆಸ್ಟ್ರಿಯಾದ ರಾಜಕುಮಾರಿ. ಗಂಡ ಸಾವೊ ಪಾಲೊ ಕಡೆ ಹೋಗಿದ್ದಾಗ ರಿಯೊದಲ್ಲಿ ಆಡಳಿತ ಅವಳ ಕೈಯಲ್ಲಿತ್ತು. ಸೆಪ್ಟೆಂಬರ್ 2ರಂದು ಮಂತ್ರಿಗಳ ಸಭೆ ನಡೆಸಿದವಳು ಅವಳೇ. ಇನ್ನು ತಡ ಮಾಡಬೇಡ ಎಂದು ಗಂಡನಿಗೆ ಪತ್ರ ಕಳಿಸಿದಳು. ಸೆಪ್ಟೆಂಬರ್ 7ರಂದು ಇಪಿರಂಗ ಎಂಬ ಹಳ್ಳದ ದಡದಲ್ಲಿ ಆ ಪತ್ರಗಳು ಅವನ ಕೈಸೇರಿದವು. ‘ಸ್ವಾತಂತ್ರ್ಯ, ಇಲ್ಲವೇ ಸಾವು’ ಎಂದು ಅವನು ಕೂಗಿದ್ದು ಅಲ್ಲಿ. ಚಿತ್ರಗಳಲ್ಲಿ ಅವನು ಕುದುರೆಯ ಮೇಲೆ ಕತ್ತಿ ಎತ್ತಿ ನಿಂತಿರುತ್ತಾನೆ. ಆ ಬೆಟ್ಟದ ದಾರಿಯಲ್ಲಿ ಅವನು ಏರಿ ಬಂದದ್ದು ಹೇಸರಗತ್ತೆಯ ಮೇಲೆ. ಡಿಸೆಂಬರ್ 1ರಂದು ಪಟ್ಟಾಭಿಷೇಕವಾಯಿತು. ಆ ನೆಲದ ಗುಲಾಮರು ಮಾತ್ರ ಬಿಡುಗಡೆಗೆ 1888ರ ತನಕ ಕಾಯಬೇಕಾಯಿತು.

ಪ್ರಶ್ನೆ: ಹೊಟ್ಟೆಯಲ್ಲಿ ತೂತಿದ್ದ ಮನುಷ್ಯನ ಮೇಲೆ ವೈದ್ಯನೊಬ್ಬ ಪ್ರಯೋಗ ಮಾಡಿದ ಅನ್ನುವುದು ನಿಜವೇ?

ಉತ್ತರ: ನಿಜ. 1822ರ ಜೂನ್ 6. ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳದ ವ್ಯಾಪಾರದ ಮಳಿಗೆ. ಯಾರದೋ ಬಂದೂಕು ಅಕಸ್ಮಾತ್ ಸಿಡಿದು, ಎರಡು ಮೂರು ಅಡಿ ದೂರದಲ್ಲಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಕೂಲಿಯ ಪಕ್ಕೆ ಹಾರಿಹೋಯಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನು ಉಳಿಯುವುದಿಲ್ಲ ಎಂದುಕೊಂಡೇ ಗಾಯ ಕಟ್ಟಿದ. ಉಳಿದ. ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. 1825ರಿಂದ ಬೋಮಾಂಟ್ ಮಾಂಸ, ರೊಟ್ಟಿ, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದ. ಜಠರದಲ್ಲಿ ಆಹಾರ ಕರಗುವುದು ಒಂದು ರಸದಿಂದ, ಅದೊಂದು ರಾಸಾಯನಿಕ ಕ್ರಿಯೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು. 1833ರಲ್ಲಿ ಪುಸ್ತಕ ಬಂತು.

ವಿಜ್ಞಾನಕ್ಕೆ ಇದು ದೊಡ್ಡ ಲಾಭ. ಆದರೂ ಸೇಂಟ್ ಮಾರ್ಟಿನ್ ಕಡೆಯಿಂದ ನೋಡಿದರೆ ನನಗೆ ಸಂಕಟವಾಗುತ್ತದೆ. ಓದು ಬರಹ ಬಾರದ ಬಡವ, ಹೊಟ್ಟೆಪಾಡಿಗಾಗಿ ತನ್ನ ಹೊಟ್ಟೆಯನ್ನೇ ಬಾಡಿಗೆಗೆ ಕೊಟ್ಟ. ನಡುವೆ ಊರಿಗೆ ಹೊರಟುಹೋದ, ಮದುವೆಯಾದ, ಮತ್ತೆ ಕರೆಸಿಕೊಂಡರು. ವೈದ್ಯ 1853ರಲ್ಲಿ ಸತ್ತ. ಇವನು 1880ರ ತನಕ ಬದುಕಿದ. ಅವನು ಸತ್ತಾಗ ಮನೆಯವರು ಹೆಣ ಕೊಳೆಯುವ ತನಕ ಕಾದು, ಆಮೇಲೆ ಆಳವಾಗಿ ಗುಂಡಿ ತೋಡಿ ಹೂತರು. ಇನ್ನು ಯಾವ ವೈದ್ಯನೂ ಅವನನ್ನು ಕೊಯ್ಯಬಾರದು ಅಂತ.

ಪ್ರಶ್ನೆ: ಆ ವರ್ಷದ ದೊಡ್ಡ ದುರಂತ ಯಾವುದು?

ಉತ್ತರ: ಕಿಯೋಸ್ ಬಗ್ಗೆ ಹೇಳಿದೆ. ಆಗಸ್ಟ್ 13ರ ಭೂಕಂಪದಲ್ಲಿ ಅಲೆಪ್ಪೊ ನಗರ ನೆಲಕ್ಕುರುಳಿತು, ಸಾವಿರಾರು ಜನ ಸತ್ತರು. ಯಾರೂ ನೆನೆಯದ್ದು ಇನ್ನೊಂದಿದೆ. ಫೆಬ್ರವರಿಯಲ್ಲಿ ಚೀನಾದ ಶಿಯಾಮೆನ್ ಬಂದರಿನಿಂದ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಕ್ಕೆ, ಹೊರಟಿದ್ದ ‘ಟೆಕ್ ಸಿಂಗ್’ ಎಂಬ ದೊಡ್ಡ ಹಾಯಿಹಡಗು ದಿಬ್ಬಕ್ಕೆ ಬಡಿದು ಮುಳುಗಿತು. ಸುಮಾರು 1,600 ಜನ ಸತ್ತರು. ಟೈಟಾನಿಕ್‌ನಲ್ಲಿ ಸತ್ತದ್ದು ಸುಮಾರು 1,500. ಆ ದಾರಿಯಲ್ಲಿ ಬಂದ ಒಂದು ಇಂಗ್ಲಿಷ್ ಹಡಗು ಸುಮಾರು 190 ಜನರನ್ನು ಎತ್ತಿಕೊಂಡಿತು. 1999ರಲ್ಲಿ ಅವಶೇಷ ಸಿಕ್ಕಾಗ ಮೂರೂವರೆ ಲಕ್ಷ ಪಿಂಗಾಣಿ ಸಾಮಾನು ಮೇಲೆ ಬಂದವು. ಅವುಗಳ ಹರಾಜಿನ ಸುದ್ದಿ ಎಲ್ಲ ಕಡೆ ಬಂತು. ಸತ್ತವರು ಕೂಲಿ ಹುಡುಕಿ ಹೊರಟ ಬಡವರು. ಅವರ ಸುದ್ದಿ ಎಲ್ಲೂ ಕಾಣಲಿಲ್ಲ.

ಪ್ರಶ್ನೆ: ಕಂಪ್ಯೂಟರ್ ಕಥೆ 1822ರಲ್ಲೇ ಶುರುವಾಯಿತೇ?

ಉತ್ತರ: ಒಂದು ರೀತಿಯಲ್ಲಿ ಹೌದು. ಜೂನ್ 14ರಂದು ಚಾರ್ಲ್ಸ್ ಬ್ಯಾಬೇಜ್ ಲಂಡನ್ನಿನ ಖಗೋಳ ಸಂಘದ ಮುಂದೆ, ಹಲ್ಲುಚಕ್ರಗಳಿಂದ ಲೆಕ್ಕ ಮಾಡುವ ಯಂತ್ರದ ವಿಚಾರ ಇಟ್ಟ. ಆಗ ‘ಕಂಪ್ಯೂಟರ್’ ಅಂದರೆ ಕೂತು ಕೋಷ್ಟಕ ಬರೆಯುವ ಮನುಷ್ಯ. ಅವನ ಕೈ ತಪ್ಪಿದರೆ ಸಮುದ್ರದಲ್ಲಿ ಹಡಗು ದಾರಿ ತಪ್ಪುತ್ತಿತ್ತು. ಸರ್ಕಾರ 17,000 ಪೌಂಡ್‌ಗಿಂತ ಜಾಸ್ತಿ ಖರ್ಚು ಮಾಡಿ 1842ರಲ್ಲಿ ಕೈಬಿಟ್ಟಿತು. ಬ್ಯಾಬೇಜ್ ಮುಂದೆ ಬರೆದ ಎರಡನೇ ನಕ್ಷೆಯಂತೆ ಲಂಡನ್ನಿನ ವಿಜ್ಞಾನ ಮ್ಯೂಸಿಯಂ 1991ರಲ್ಲಿ ಯಂತ್ರ ಕಟ್ಟಿತು. ಅದು ಸರಿಯಾಗಿ ಲೆಕ್ಕ ಮಾಡಿತು.

ಪ್ರಶ್ನೆ: ಆ ವರ್ಷದ ಒಬ್ಬರನ್ನು ಭೇಟಿಯಾಗುವ ಅವಕಾಶ ಸಿಕ್ಕರೆ ಯಾರನ್ನು ಆರಿಸುತ್ತೀರಿ?

ಉತ್ತರ: ಯೋಚನೆಯೇ ಬೇಡ. ಮರಿಯಾ ಗ್ರಹಾಂ.

ಆಕೆ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಒಬ್ಬನ ಹೆಂಡತಿ. ಬರಹಗಾರ್ತಿ. ಭಾರತದಲ್ಲೂ ಇದ್ದು, ಇಲ್ಲಿನ ದಿನಚರಿಯನ್ನು 1812ರಲ್ಲಿ ಪ್ರಕಟಿಸಿದ್ದವಳು. 1822ರ ಏಪ್ರಿಲ್‌ನಲ್ಲಿ ಹಡಗು ಕೇಪ್ ಹಾರ್ನ್ ಸುತ್ತುತ್ತಿದ್ದಾಗ ಗಂಡ ಕಾಯಿಲೆಯಿಂದ ಸತ್ತ. ಚಿಲಿಯ ವಾಲ್ಪರೈಸೊದಲ್ಲಿ ಅವನನ್ನು ಮಣ್ಣು ಮಾಡಿದರು. ಇಂಗ್ಲೆಂಡಿಗೆ ವಾಪಸ್ ಕಳಿಸುತ್ತೇವೆ ಎಂದರೂ ಆಕೆ ಒಪ್ಪಲಿಲ್ಲ. ಊರ ಹೊರಗೆ ಒಂದು ಪುಟ್ಟ ಮನೆ ಹಿಡಿದು, ಒಬ್ಬಳೇ ಇದ್ದು, ದಿನವೂ ಬರೆದಳು.

ನವೆಂಬರ್ 19ರ ರಾತ್ರಿ ಹತ್ತು ಗಂಟೆ ದಾಟಿತ್ತು. ಆಗ ಆಕೆ ಕಿಂಟೆರೊ ಎಂಬ ಕಡಲ ತೀರದಲ್ಲಿದ್ದಳು. ಭೂಮಿ ನಡುಗಿತು. ವಾಲ್ಪರೈಸೊ ಹಾಳಾಯಿತು. ಬೆಳಗಾದ ಮೇಲೆ ಆಕೆ ಮಾಡಿದ್ದು ದಡಕ್ಕೆ ಹೋಗಿ ನೋಡುವ ಕೆಲಸ. ಸಮುದ್ರದ ತಳ ಬಯಲಾಗಿ ಬಿದ್ದಿತ್ತು. ಬಂಡೆಗೆ ಅಂಟಿದ ಸಿಂಪಿ, ಚಿಪ್ಪುಗಳು ನೀರಿಲ್ಲದೆ ಸತ್ತು ನಾರುತ್ತಿದ್ದವು. ಅಲೆಯಿಂದ ಹಿಂದೆ ಸರಿದ ನೀರಲ್ಲ ಅದು, ನೆಲವೇ ಮೂರು ನಾಲ್ಕು ಅಡಿ ಮೇಲೆದ್ದಿದೆ ಎಂದು ಆಕೆ ಬರೆದಳು. ಲಂಡನ್ನಿನ ಭೂವಿಜ್ಞಾನ ಸಂಘ ಆ ಪತ್ರವನ್ನು 1824ರಲ್ಲಿ ಅಚ್ಚು ಹಾಕಿತು.

ಹತ್ತು ವರ್ಷದ ಮೇಲೆ, 1834ರಲ್ಲಿ, ಆ ಸಂಘದ ಅಧ್ಯಕ್ಷ ಗ್ರೀನೊ ಸಭೆಯಲ್ಲಿ ನಿಂತು ಆಕೆಯ ಮಾತು ನಂಬಲು ಆಗದ್ದು ಎಂದ. ಹೆದರಿದ ಹೆಂಗಸು ಏನೋ ಕಂಡಳು ಅನ್ನುವ ಧಾಟಿ. ಆ ಹೊತ್ತಿಗೆ ಆಕೆ ಮರುಮದುವೆಯಾಗಿ ಮರಿಯಾ ಕಾಲ್ಕಾಟ್ ಆಗಿದ್ದಳು, ಕಾಯಿಲೆ ಬಿದ್ದಿದ್ದಳು. ಗಂಡ ಮತ್ತು ತಮ್ಮ ಅವನನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತೇವೆ ಎಂದು ಎದ್ದರಂತೆ. ಇಬ್ಬರೂ ಸುಮ್ಮನಿರಿ, ನನ್ನ ಜಗಳ ನಾನೇ ಆಡಬಲ್ಲೆ ಎಂದಳಂತೆ ಆಕೆ. ಹಾಗೇ ಮಾಡಿದಳು. ಅವನ ಒಂದೊಂದು ಮಾತಿಗೂ ಉತ್ತರ ಬರೆದು ಪ್ರಕಟಿಸಿದಳು.

1835ರ ಫೆಬ್ರವರಿ 20ರಂದು ಚಿಲಿಯಲ್ಲಿ ಮತ್ತೆ ದೊಡ್ಡ ಭೂಕಂಪವಾಯಿತು. ಆಗ ಅಲ್ಲಿ ಬೀಗಲ್ ಹಡಗಿತ್ತು, ಅದರಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದ. ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಸಾಂತಾ ಮರಿಯಾ ದ್ವೀಪದಲ್ಲಿ ಅಳತೆ ಮಾಡಿದ. ನೀರಿನ ಮಟ್ಟಕ್ಕಿಂತ ಹತ್ತು ಅಡಿ ಮೇಲೆ, ಬಂಡೆಗೆ ಅಂಟಿದ ಹಾಗೇ, ಚಿಪ್ಪುಗಳು ಕೊಳೆಯುತ್ತಿದ್ದವು.