ಗದ್ದಲವನ್ನು ಬರೆದಿದ್ದೀರಿ, ಜಮೀನನ್ನು ಬರೆದಿಲ್ಲ

ಮಂಡ್ಯದ ಗೆಳೆಯರೇ,

ಜಮ್ಮು-ಕಾಶ್ಮೀರದ ಅಮರನಾಥ ಗುಹೆಯ ಯಾತ್ರೆಗೆ ಬೇಕಾದ ಭೂಮಿಗಾಗಿ 2008ರಲ್ಲಿ ಎದ್ದ ವಿವಾದ ಕುರಿತ ನಿಮ್ಮ ಲೇಖನ ತಲುಪಿದೆ. ಈಗಿನ ರೂಪದಲ್ಲಿ ಅದನ್ನು ನಾವು ಪ್ರಕಟಿಸುವುದಿಲ್ಲ. ಹಾಗೆಂದು ಒಂದು ಸಾಲಿನಲ್ಲಿ ವಿಷಾದ ತಿಳಿಸಿ ಮುಗಿಸಲು ಮನಸ್ಸಾಗಲಿಲ್ಲ. ಕಾಡಿನ ನಡುವೆ ಇರುವ ದೇವರು, ದೇವರ ಹೆಸರಿನಲ್ಲಿ ಯಾತ್ರೆ ನಡೆಸುವ ಮಂಡಳಿ, ಕಾಡಿನ ಒಡೆತನವಿರುವ ಸರ್ಕಾರ, ಇವುಗಳ ನಡುವಿನ ತಕರಾರು ಕನ್ನಡದಲ್ಲಿ ಬಿಡಿಸಿ ಬರೆಯಬೇಕಾದ ವಿಷಯ. ನೀವು ಅದನ್ನು ಆರಿಸಿಕೊಂಡದ್ದು ನನಗೆ ಸಂತೋಷ ತಂದಿದೆ.

ತೊಂದರೆ ಇರುವುದು ಇಲ್ಲಿ. ಲೇಖನದ ಮುಕ್ಕಾಲು ಪಾಲು ಮೆರವಣಿಗೆ, ಬಂದ್, ಕರ್ಫ್ಯೂ. ಇಷ್ಟಕ್ಕೆಲ್ಲ ಕಾರಣವಾದ ಜಮೀನಿನ ಬಗ್ಗೆ ಇರುವುದು ಒಂದೇ ಸಾಲು: ‘ಸರ್ಕಾರ 800 ಎಕರೆ ಅರಣ್ಯವನ್ನು ಮಂಡಳಿಗೆ ಬರೆದುಕೊಟ್ಟಿತು.’ ಅದರಲ್ಲಿ ಎರಡು ತಪ್ಪುಗಳಿವೆ.

ಅದು 800 ಎಕರೆ ಅಲ್ಲ, 800 ಕನಾಲ್. ಅಲ್ಲಿನ ಎಂಟು ಕನಾಲ್ ಸೇರಿದರೆ ಒಂದು ಎಕರೆ. ನಮ್ಮ ಲೆಕ್ಕದಲ್ಲಿ ಒಂದು ಕನಾಲ್ ಎಂದರೆ ಐದು ಗುಂಟೆ. ಅಂದರೆ ಒಟ್ಟು ಸುಮಾರು ನೂರು ಎಕರೆ. ಎಂಟು ಪಟ್ಟು ಹಿಗ್ಗಿಸಿದ ಅಂಕಿಯನ್ನು ಇಂಥ ವಿಷಯದಲ್ಲಿ ಅಚ್ಚು ಹಾಕಿದರೆ ನಾವೂ ವದಂತಿ ಹಬ್ಬಿಸಿದವರಾಗುತ್ತೇವೆ. 2008ರಲ್ಲಿ ವದಂತಿ ಏನು ಮಾಡಿತೆಂದು ನೀವೇ ಬರೆದಿದ್ದೀರಿ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಅಲ್ಲಿ ಕ್ರಯವಾಗಲಿಲ್ಲ, ದಾನಪತ್ರವಾಗಲಿಲ್ಲ. 2008ರ ಮೇ 26ರ ನಿರ್ಧಾರ ಯಾತ್ರಿಕರಿಗೆ ತಾತ್ಕಾಲಿಕ ವಸತಿ ಮತ್ತು ಸೌಲಭ್ಯಕ್ಕಾಗಿ ಅರಣ್ಯಭೂಮಿಯನ್ನು ಮಂಡಳಿಗೆ ಕೊಡುವ ನಿರ್ಧಾರ. ಎಷ್ಟು ಕಾಲಕ್ಕೆ, ಯಾವ ಹಕ್ಕಿನಲ್ಲಿ ಎಂಬುದರ ಮೇಲೆಯೇ ಜಗಳವೆಲ್ಲ ನಿಂತಿತ್ತು. ನೀವು ಪಹಣಿ ನೋಡಿ ಬೆಳೆದವರು. 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು. ಈ ಎರಡು ಹೆಸರು ಬೇರೆಯಾದಾಗ ಮನೆಮನೆಯಲ್ಲಿ ಎಂಥ ವ್ಯಾಜ್ಯ ಹುಟ್ಟುತ್ತದೆಂದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಆ ಕಣ್ಣಿನಿಂದ ಇಡೀ ಪ್ರಕರಣವನ್ನು ಮತ್ತೆ ನೋಡಿ. ಸರ್ಕಾರ ಮತ್ತು ಜಮ್ಮುವಿನ ಹೋರಾಟಗಾರರ ನಡುವೆ ಆದ ಆಗಸ್ಟ್ 31ರ ಒಪ್ಪಂದ ಏನು ಹೇಳಿತು? ಯಾತ್ರೆಯ ಅವಧಿಗೆ ಮಾತ್ರ ಮಂಡಳಿ ಅದೇ 800 ಕನಾಲ್ ಬಳಸಬಹುದು, ಒಡೆತನ ಬದಲಾಗುವುದಿಲ್ಲ. ಎರಡು ತಿಂಗಳ ಚಳವಳಿ, ಅಷ್ಟೊಂದು ಸಾವುನೋವು ಕಂಡ ಮೇಲೆ ಅವರು ಬಂದು ನಿಂತದ್ದು ಈ ಮಾತಿಗೆ. ನಿಮ್ಮ ಲೇಖನದಲ್ಲಿ ಈ ಒಪ್ಪಂದವೇ ಇಲ್ಲ!

ಆ ಜಾಗವನ್ನೂ ಓದುಗನ ಕಣ್ಣಿಗೆ ತನ್ನಿ. ಗುಹೆ ಇರುವುದು 3,888 ಮೀಟರ್ ಎತ್ತರದಲ್ಲಿ. ಬಾಲ್ಟಾಲ್ ಕಡೆಯಿಂದ ಹತ್ತುವ ಕಡಿದಾದ ದಾರಿ ಸುಮಾರು 14 ಕಿಲೋಮೀಟರ್. ಚಳಿಗಾಲವಿಡೀ ಹಿಮದಡಿ ಮುಚ್ಚಿಹೋಗುವ ಆ ಕಣಿವೆಯಲ್ಲಿ, ಬೇಸಿಗೆಯ ಕೆಲವು ವಾರಗಳಲ್ಲಿ ಲಕ್ಷಾಂತರ ಜನರಿಗೆ ಡೇರೆ, ಶೌಚಾಲಯ, ಕುದುರೆ ಕಟ್ಟುವ ಜಾಗ ಬೇಕು. 1996ರ ಆಗಸ್ಟಿನಲ್ಲಿ ಹಿಮಗಾಳಿಗೆ ಸಿಕ್ಕಿ 240ಕ್ಕೂ ಹೆಚ್ಚು ಯಾತ್ರಿಕರು ಸತ್ತರು. ತಂಗಲು ನೆಲೆ ಬೇಕೆಂಬ ಬೇಡಿಕೆಯ ಹಿಂದೆ ಈ ಸಾವುಗಳಿವೆ. ನೀವು ಅದನ್ನು ಬರಿಯ ‘ಹಟ’ ಎಂದು ಕರೆದದ್ದು ನ್ಯಾಯವಲ್ಲ. ಕಾಶ್ಮೀರ ಕಣಿವೆಯವರ ಭಯವನ್ನು ಬರಿಯ ‘ದ್ವೇಷ’ ಎಂದದ್ದೂ ಅಷ್ಟೇ ಅನ್ಯಾಯ. ಹೊರಗಿನವರು ಜಮೀನು ಕೊಳ್ಳದಂತೆ ಕಾನೂನಿನ ರಕ್ಷಣೆಯಿದ್ದ ರಾಜ್ಯ ಅದು. ಇವತ್ತು ಡೇರೆಗೆ ಕೊಟ್ಟ ನೆಲ ನಾಳೆ ಶಾಶ್ವತ ವಸತಿಯಾದರೆ ಎಂಬ ಅಂಜಿಕೆಗೆ ಅಲ್ಲಿ ಬೇರಿತ್ತು. ಭೂಮಿ ಕೊಟ್ಟ ಆದೇಶ ರದ್ದಾದಾಗ ಜಮ್ಮುವಿನವರಿಗೆ ಬಂದ ಸಿಟ್ಟಿಗೂ ಬೇರಿತ್ತು: ಪ್ರತಿ ಸಲವೂ ಶ್ರೀನಗರದ ಮಾತೇ ನಡೆಯುತ್ತದೆ ಎಂಬ ಹಳೆಯ ನೋವು ಅದು. ಹೆದ್ದಾರಿ ಅಡ್ಡಿಯಾಗಿ ಹಣ್ಣಿನ ಲಾರಿಗಳು ನಿಂತ ಭಾಗವನ್ನು ನೀವು ಚೆನ್ನಾಗಿ ಬರೆದಿದ್ದೀರಿ. ಅಲ್ಲಿ ಯಾರನ್ನೂ ಬೈದಿಲ್ಲ, ಬೆಳೆಗಾರನ ಕಷ್ಟ ಕಾಣಿಸಿದ್ದೀರಿ. ಲೇಖನವೆಲ್ಲ ಆ ಹದದಲ್ಲಿ ಬರಲಿ.

ರಾಜಕೀಯವನ್ನು ಚುಟುಕಾಗಿ ಹೇಳಿದರೆ ಸಾಕು. ಭೂಮಿ ಕೊಡುವಾಗ ಅರಣ್ಯ ಖಾತೆ ಇದ್ದದ್ದು ಮೈತ್ರಿ ಸರ್ಕಾರದ ಪಾಲುದಾರ ಪಕ್ಷ ಪಿಡಿಪಿಯ ಸಚಿವರ ಬಳಿ. ಜೂನ್ 28ರಂದು ಬೆಂಬಲ ಹಿಂತೆಗೆದುಕೊಂಡದ್ದೂ ಅದೇ ಪಕ್ಷ. ಜುಲೈ 1ಕ್ಕೆ ಆದೇಶ ರದ್ದಾಯಿತು, 7ಕ್ಕೆ ಮುಖ್ಯಮಂತ್ರಿ ಗುಲಾಂ ನಬಿ ಆಜಾದ್ ರಾಜೀನಾಮೆ ಕೊಟ್ಟರು. ಕಾನೂನಿನ ಭಾಗದಲ್ಲಿ 1980ರ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ಎಳೆದು ತಂದಿದ್ದೀರಿ. ಆಗ ಅದು ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ರಾಜ್ಯಕ್ಕೆ 1997ರ ತನ್ನದೇ ಕಾಯ್ದೆಯಿತ್ತು.

ನನಗೆ ಹೆಚ್ಚು ಬೇಸರವಾದದ್ದು ನೀವು ಬಿಟ್ಟ ಜನರ ಬಗ್ಗೆ. ಗುಹೆಯನ್ನು ಕಂಡವನೆಂದು ಐತಿಹ್ಯ ಹೇಳುವ ಕುರಿಗಾಹಿ ಬೂಟಾ ಮಲಿಕ್ ಮುಸ್ಲಿಮ. 2000ದ ಕಾಯ್ದೆಯಂತೆ ಮಂಡಳಿ ಬರುವವರೆಗೆ ಅವನ ವಂಶದವರಿಗೆ ಕಾಣಿಕೆಯಲ್ಲಿ ಪಾಲಿತ್ತು. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಬೆಟ್ಟ ಹತ್ತುವ ಗುಜ್ಜರ್, ಬಕರ್ವಾಲ್ ಜನ, ಯಾತ್ರಿಕರನ್ನು ಕುದುರೆ ಮೇಲೆ, ಪಲ್ಲಕ್ಕಿಯಲ್ಲಿ ಸಾಗಿಸುವವರು: ಇವರ ಹೆಸರು ಯಾವ ದಾಖಲೆಯ ಯಾವ ಕಾಲಂನಲ್ಲಿದೆ? ಲೇಖನದ ಜೀವ ಈ ಪ್ರಶ್ನೆಯಲ್ಲಿದೆ.

ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟವನ್ನು ತಂದು ‘ನಮ್ಮಲ್ಲೂ ಇದೇ ಕಥೆ’ ಎಂದಿದ್ದೀರಿ. ಆ ಪ್ಯಾರಾ ತೆಗೆದುಬಿಡಿ. ಅಲ್ಲಿನ ಸೋಲಿಗರು, ಪೂಜೆ ನಡೆಸುವ ಬೇಡಗಂಪಣರು, 2013ರಲ್ಲಿ ಘೋಷಣೆಯಾದ ವನ್ಯಧಾಮ, 2006ರ ಅರಣ್ಯ ಹಕ್ಕು ಕಾಯ್ದೆ, ಇವನ್ನು ನಾಲ್ಕು ಸಾಲಿಗೆ ತುರುಕಲಾಗದು. ಅದನ್ನು ಬೇರೆ ಲೇಖನವಾಗಿ ಬರೆಯುವುದಾದರೆ ಮೊದಲು ಬೆಟ್ಟಕ್ಕೆ ಹೋಗಿ, ಸೋಲಿಗರ ಹಾಡಿಗಳಾದ ಪೋಡುಗಳಲ್ಲಿ ಕುಳಿತು ಮಾತನಾಡಿ ಬನ್ನಿ.

ಅಮರನಾಥದ ಲೇಖನವನ್ನು ಜಮೀನಿನಿಂದಲೇ ಶುರುಮಾಡಿ, ಈಗಿನ ಅರ್ಧದಷ್ಟು ಉದ್ದಕ್ಕೆ ಇಳಿಸಿ ಮತ್ತೆ ಕಳುಹಿಸಿ. ನಾನೇ ಓದುತ್ತೇನೆ.

ಸಂಪಾದಕ, ಮೈಸೂರು