ಓದುಗರ ಪ್ರಶ್ನೆ: ಹಳೆಯ ಮನೆಯ ಕಥೆಗೆ ಎಂಥ ಮಾತು ಬೇಕು?

ಪ್ರಶ್ನೆ: ಚಾಂದೋರ್‌ನ ಪೋರ್ಚುಗೀಸ್ ಕಾಲದ ಮನೆಯೊಂದನ್ನು ಹಿನ್ನೆಲೆಯಾಗಿಟ್ಟುಕೊಂಡು ಗಾಥಿಕ್ ಶೈಲಿಯ, ಎಂದರೆ ಹಳೆಯ ಮನೆ, ರಹಸ್ಯ, ಭಯಗಳ ಸುತ್ತ ಹೆಣೆದ, ಕಥೆ ಬರೆದಿದ್ದೇನೆ, ಪ್ರತಿಯನ್ನು ಲಗತ್ತಿಸಿದ್ದೇನೆ. ‘ಭಯಾನಕ ಮೌನ’, ‘ನಿಗೂಢ ಮನೆ’, ‘ಭೀಕರ ಕತ್ತಲೆಯಲ್ಲಿ ಬಾಗಿಲು ತಟ್ಟನೆ ತೆರೆಯಿತು’ ಎಂದೆಲ್ಲ ಬರೆದರೂ ಇಲ್ಲಿನ ಕನ್ನಡದ ಗೆಳೆಯರು ಓದಿ ನಕ್ಕುಬಿಟ್ಟರು. ಪದಗಳ ಆಯ್ಕೆ ತಪ್ಪಿದೆಯೇ?
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ತಪ್ಪಿರುವುದು ವಿಶೇಷಣಗಳಲ್ಲಿ. ‘ಭಯಾನಕ’ ಎಂದು ನೀವೇ ತೀರ್ಪು ಕೊಟ್ಟುಬಿಟ್ಟ ಮೇಲೆ ಓದುವವರು ಹೆದರುವುದಕ್ಕೆ ಏನು ಉಳಿಯಿತು? ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ಅಶರ್ ಮನೆತನದ ಕಥೆ ಆರಂಭವಾಗುವುದು ರಾತ್ರಿಯಲ್ಲಲ್ಲ, ಶರತ್ಕಾಲದ ಒಂದು ಹಗಲಿನಲ್ಲಿ. ಆ ಹಗಲು ಮಂಕಾಗಿದೆ, ಕಪ್ಪಿಟ್ಟಿದೆ, ಅಲ್ಲಿ ಸದ್ದೇ ಇಲ್ಲ. ಈ ಮೂರರಲ್ಲಿ ಯಾವುದೂ ಹೆದರಿಸುವ ಮಾತಲ್ಲ. ಆದರೆ ಮೂರೂ ಒಂದೇ ಕಡೆಗೆ ವಾಲುವುದರಿಂದ, ಕುದುರೆಯೇರಿ ಒಬ್ಬನೇ ಬರುವ ನಿರೂಪಕನಿಗೆ ಮನೆ ಕಣ್ಣಿಗೆ ಬೀಳುವ ಹೊತ್ತಿಗೆ ನಮ್ಮ ಮನಸ್ಸು ಆಗಲೇ ಕುಗ್ಗಿರುತ್ತದೆ.

ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಕನ್ನಡದಲ್ಲಿ ಬರೆಯುವವರಿಗೆ ಒದಗಿದ ದೊಡ್ಡ ಅನುಕೂಲ. ನಿಮ್ಮ ಬಾಗಿಲನ್ನೇ ಹೀಗೆ ಬರೆದು ನೋಡಿ: ‘ಸಂಜೆ ತಾನೇ ಅಗುಳಿ ಹಾಕಿದ್ದ ಬಾಗಿಲು, ಕಪ್ಪೆಚಿಪ್ಪಿನ ಕಿಟಕಿಯಿಂದ ಸೋಸಿ ಬರುತ್ತಿದ್ದ ಬೆಳಕಿನಲ್ಲಿ, ಒಂದು ಗೇಣಿನಷ್ಟು ತೆರೆದುಕೊಂಡಿತ್ತು.’ ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿಗಳು ಗೋವಾದ ಹಳೆಯ ಮನೆಗಳಲ್ಲಿ ಇಂದಿಗೂ ಉಂಟು. ಅವು ಬೆಳಕನ್ನು ಬಿಡುತ್ತವೆ, ಹೊರಗೆ ನಿಂತವರ ಮುಖವನ್ನು ಕಾಣಗೊಡುವುದಿಲ್ಲ. ಅಂಥ ಕಿಟಕಿ ಕಣ್ಣೆದುರೇ ಇರುವಾಗ ‘ನಿಗೂಢ’ ಎಂಬ ಪದ ಏಕೆ ಬೇಕು? ‘ತೆರೆಯಿತು’ ಎಂದರೆ ನಮ್ಮೆದುರಿಗೇ ನಡೆದ ಸಂಗತಿ. ‘ತೆರೆದುಕೊಂಡಿತ್ತು’ ಎಂದಾಗಲಾದರೋ ನಾವು ನೋಡುವುದಕ್ಕೆ ಮೊದಲೇ ಅದು ನಡೆದುಹೋಗಿರುತ್ತದೆ, ಬಾಗಿಲಿಗೇ ಏನೋ ಇಚ್ಛೆಯಿತ್ತೆಂಬ ಗುಮಾನಿಯೂ ಹುಟ್ಟುತ್ತದೆ. ಹಾರುಹೊಡೆದ ಬಾಗಿಲಿಗಿಂತ ಗೇಣಗಲದ ಸಂದು ಹೆಚ್ಚು ಕಾಡುತ್ತದೆ.

ಹೆಸರನ್ನೇ ಹೇಳದಿರುವುದೂ ಪದದ ಆಯ್ಕೆಯೇ. ಆ್ಯನ್ ರ‍್ಯಾಡ್‌ಕ್ಲಿಫ್ 1794ರ ತಮ್ಮ ಉಡಾಲ್ಫೋ ಕಾದಂಬರಿಯಲ್ಲಿ ನಾಯಕಿಯಿಂದ ಕರಿಯ ಪರದೆಯೊಂದನ್ನು ಎತ್ತಿಸುತ್ತಾರೆ. ಅವಳು ಮೂರ್ಛೆ ಹೋಗುತ್ತಾಳೆ, ಕಂಡದ್ದೇನೆಂಬುದು ಮಾತ್ರ ಕಾದಂಬರಿ ಮುಗಿಯುತ್ತ ಬರುವವರೆಗೂ ತಿಳಿಯುವುದಿಲ್ಲ. ಅದು ಮೇಣದ ಬೊಂಬೆಯೆಂದು ಗೊತ್ತಾದಾಗ ನನಗಂತೂ ನಿರಾಸೆಯೇ ಆಯಿತು. ನೀವು ಅಷ್ಟು ಕಾಯಿಸಬೇಡಿ.

ಇನ್ನು ನಿಮ್ಮ ಕೊನೆಯ ಪುಟದ ‘ಪಾರ್ಥಿವ ಶರೀರ’ ದಿನಪತ್ರಿಕೆಯ ಮಾತು. ಅಲ್ಲಿ ‘ಹೆಣ’ ಎಂದೇ ಬರೆಯಿರಿ, ಅದಕ್ಕೂ ಮುಂಚೆ ಆ ಪದವನ್ನು ಎಲ್ಲಿಯೂ ಬಳಸಬೇಡಿ.