ಟೆಕ್ಸಾಸ್ ಕಾಗದ, ಊರಿನ ಸೋಡಚೀಟಿ: ತಂಗಿ ಲಗ್ನಕ್ಕ ಯಾವ್ದು ನಡೀತದ?

ಹೆಸರು ಹಾಕಬ್ಯಾಡ್ರಿ ಅಂತ ಆಳಂದ ತಾಲ್ಲೂಕಿಂದ ಬರೆದ ಅಕ್ಕಾರ,

ನಿಮ್ಮ ಪತ್ರ ಎರಡು ಸಲ ಓದಿದೆ. ತಂಗಿ ಗಂಡ ಟೆಕ್ಸಾಸಿಗೆ ಹೋಗಿ ಮೂರು ವರ್ಷ ಆತು, ತಿರುಗಿ ನೋಡಿಲ್ಲ, ಹೋದ ವರ್ಷ ಅಲ್ಲಿ ಕೋರ್ಟಿನ ಡೈವೋರ್ಸ್ ಕಾಗದ ಇಮೇಲಿಗೆ ಬಂತು, ತಂಗಿ ಎಲ್ಲೂ ಸಹಿ ಮಾಡಿಲ್ಲ, ಆಮ್ಯಾಲ ಊರ ಹಿರಿಯರು ಕೂತು 100 ರೂಪಾಯಿ ಬಾಂಡ್ ಮ್ಯಾಲ ಸೋಡಚೀಟಿ (ಗಂಡ-ಹೆಂಡತಿ ಬಿಡುಗಡಿ ಕಾಗದ) ಬರೆಸಿದ್ರು, ಹುಡುಗನ ಪರವಾಗಿ ಅವರಪ್ಪ ಸಹಿ ಹಾಕಿದ್ರು. ಈಗ ಸೊಲ್ಲಾಪುರದ ಸಂಬಂಧ ಬಂದದ, ಆ ಹುಡುಗಂದೂ ಡೈವೋರ್ಸ್ ಆಗಿ ಎರಡು ತಿಂಗಳಾಗ್ಯದ, ತುಳಸಿ ಲಗ್ನ ಆದ ಕೂಡ್ಲೆ ಮುಹೂರ್ತ ಇಡಬಹುದಾ ಅಂತ ಕೇಳೀರಿ.

ಇಡಬ್ಯಾಡ್ರಿ. ಕೈಯಾಗ ಎರಡು ಕಾಗದ ಅವ ಖರೆ, ಆದ್ರ ತಂಗಿ ಕಾನೂನು ಪ್ರಕಾರ ಇನ್ನೂ ಆ ಮನುಷ್ಯಾನ ಹೆಂಡತಿನೇ.

ಮೊದಲು ಟೆಕ್ಸಾಸಿಂದು ನೋಡೋಣ. ಅಲ್ಲಿ ರಾಜ್ಯದಾಗ ಆರು ತಿಂಗಳು, ಆ ಕೌಂಟಿಯೊಳಗ 90 ದಿನ ಇದ್ರ ಸಾಕು, ಅರ್ಜಿ ಹಾಕಬಹುದು, 'ಇನ್ನ ಕೂಡಿ ಬಾಳೋದು ಆಗಂಗಿಲ್ಲ' ಅಂದ್ರ ಅಷ್ಟೇ ಕಾರಣ ನಡೀತದ, ಯಾರ ತಪ್ಪೂ ತೋರಿಸಬೇಕಿಲ್ಲ. ಡಿಕ್ರಿ (ಕೋರ್ಟಿನ ಡೈವೋರ್ಸ್ ಆದೇಶ) ಆಗಿ 30 ದಿನ ಕಳೆದ್ರ ಅವ ಅಲ್ಲಿ ಬ್ಯಾರೆ ಮದುವಿ ಮಾಡ್ಕೊಬಹುದು. ಅಲ್ಲಿಗೆ ಅದು ಸರಿ. ಇಲ್ಲಿ ಹಂಗಿಲ್ಲ. 1991ರಾಗ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟದ, ವಕೀಲರು ನರಸಿಂಹರಾವ್ ಕೇಸು ಅಂತಾರ. ತಿರುಪತಿಯೊಳಗ ಆದ ಮದುವಿ, ಗಂಡ ಅಮೆರಿಕಾದ ಮಿಸೌರಿ ಕೋರ್ಟಿನಾಗ ಡೈವೋರ್ಸ್ ತಗೊಂಡ, ಹೆಂಡತಿ ಇಲ್ಲಿಂದಾನೇ ನಾ ಒಪ್ಪಂಗಿಲ್ಲ ಅಂತ ಉತ್ತರ ಕಳಿಸಿದ್ಲು, ಅವ ಬಂದು ಯಾದಗಿರಿಗುಟ್ಟದಾಗ (ನಮ್ಮ ಯಾದಗಿರಿ ಅಲ್ರಿ, ತೆಲಂಗಾಣದ್ದು) ಎರಡನೇ ಲಗ್ನ ಆದ, ಮೊದಲನೇ ಹೆಂಡತಿ ಕೇಸ್ ಹಾಕಿದ್ಲು. ಕೋರ್ಟ್ ಹೇಳಿದ್ದು ಇಷ್ಟು: ಯಾವ ಕಾಯ್ದೆ ಪ್ರಕಾರ ಮದುವಿ ಆಗ್ಯದೋ ಆ ಕಾಯ್ದೆ ಒಪ್ಪೋ ಕೋರ್ಟು, ಆ ಕಾಯ್ದೆಯೊಳಗ ಇರೋ ಕಾರಣ, ಎರಡೂ ಇರಬೇಕು. ಇಲ್ಲಾಂದ್ರ ಎದುರಿನವರು ತಾವಾಗೇ ಆ ಕೋರ್ಟಿಗೆ ಹಾಜರಾಗಿ ವಾದ ಮಾಡಿರಬೇಕು, ಇಲ್ಲಾ ಇಬ್ಬರೂ ಒಪ್ಪಿರಬೇಕು. ನಿಮ್ಮ ತಂಗಿ ಹೋಗಿಲ್ಲ, ಒಪ್ಪಿಲ್ಲ. 'ಕೂಡಿ ಬಾಳೋದು ಆಗಂಗಿಲ್ಲ' ಅನ್ನೋದು 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಾಗ ಎಲ್ಲೂ ಇಲ್ಲ. ಹಿಂಗಾಗಿ ಅಲ್ಲಿ ಅವ ಬಿಡುಗಡಿ, ಇಲ್ಲಿ ಆಕಿ ಕಟ್ಟಿನಾಗ. ಅನ್ಯಾಯ ಅನಿಸ್ತದ, ಆದ್ರ ಈ ನಿಯಮ ಇರೋದೇ ಹೇಳದೆ ಕೇಳದೆ ಕೈ ಬಿಟ್ಟು ಹೋಗೋ ಗಂಡಂದಿರಿಂದ ಇಂಥಾ ಹೆಣ್ಮಕ್ಕಳನ್ನ ಉಳಿಸಾಕ.

ಇನ್ನ ಸೋಡಚೀಟಿ. ನಮ್ಮ ಕಡಿ ಸೋಡಚೀಟಿ, ಉಡಿಕಿ (ಹೆಣ್ಮಕ್ಕಳ ಎರಡನೇ ಮದುವಿ) ಎಲ್ಲಾ ಹಳೇ ಪದ್ಧತಿ, ಭಾಳ ಸಮಾಜಗಳಾಗ ಗಂಡ ಸತ್ತಾಕಿಗೂ ಬಿಟ್ಟಾಕಿಗೂ ಎರಡನೇ ಬಾಳು ಸಿಕ್ಕಿದ್ದು ಅದರಿಂದಾನೇ, ಅದನ್ನ ನಾ ಹಳಿಯಂಗಿಲ್ಲ. ಸೊಲ್ಲಾಪುರದ ಕಡಿ ಮುಂಬಯಿ ಪ್ರಾಂತ್ಯದ್ದು ಹಿಂದೂ ಡೈವೋರ್ಸ್ ಕಾಯ್ದೆ 1947ರಾಗೇ ಬಂದಿತ್ತು, ಈ ಕಡಿ ನಿಜಾಮ್ ರಾಜ್ಯ, ಆ ಕಾಯ್ದೆ ಗಡಿ ದಾಟಲಿಲ್ಲ, ಹಿರಿಯರ ಕಟ್ಟೆನೇ ಕೋರ್ಟು. 1955ರ ಕಾಯ್ದೆನೂ 29ನೇ ಕಲಮಿನಾಗ ರೂಢಿಯ ಬಿಡುಗಡಿಗೆ ಜಾಗ ಇಟ್ಟದ. ಆದ್ರ ನಿಮ್ಮ ಸಮಾಜದಾಗ ಈ ರೂಢಿ ತಲತಲಾಂತರದಿಂದ ಬಿಡದೆ ನಡೆದು ಬಂದದ ಅಂತ ಸಾಕ್ಷಿ ಇಟ್ಟು ತೋರಿಸಬೇಕು. ಅಂಥಾ ಸೋಡಪತ್ರದ ಕೇಸೊಂದು ನಮ್ಮ ಕರ್ನಾಟಕದಿಂದಾನೇ ಸುಪ್ರೀಂ ಕೋರ್ಟಿಗೆ ಹೋಗಿ, 2002ರಾಗ ಕೋರ್ಟ್ ರೂಢಿ ಸಾಬೀತಾಗದಿದ್ರ ಕಾಗದಕ್ಕ ಬೆಲಿ ಇಲ್ಲ ಅಂದದ. ನೋಟರಿ ಸೀಲ್ ಹೊಡೆದ್ರೂ ಅಷ್ಟೇ. ಮ್ಯಾಲ ನಿಮ್ಮ ಚೀಟಿ ಮ್ಯಾಲ ಸಹಿ ಮಾಡಿದ್ದು ಮಾವ, ಗಂಡ ಅಲ್ಲ, ಬಿಡುಗಡಿ ಮಾವ ಕೊಡಾಕ ಬರ್ತದೇನ್ರಿ?

ಹಂಗೇ ಲಗ್ನ ಮಾಡಿದ್ರ ಆ ಮದುವಿ ಶುರುವಿಂದಾನೇ ರದ್ದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಾಗ ಏಳು ವರ್ಷದ ತನ ಜೈಲು, ಮೊದಲನೇ ಮದುವಿ ಮುಚ್ಚಿಟ್ಟಿದ್ರ ಹತ್ತು ವರ್ಷ. ಇವತ್ತು ಯಾರೂ ಕೇಳಂಗಿಲ್ಲ ಅನಿಸ್ತದ, ಮುಂದ ಹೊಲ ಮನಿ ಪಾಲಿನ ಜಗಳ ಬಂದ ದಿನ ಮೈದುನರು ಇದೇ ಬಾಂಡ್ ಹೊರಗ ತೆಗಿತಾರ, ಅದರ ಭಯ ಭಾಳ ಅದ ನನಗ.

ದಾರಿ ಅದ. ಗಂಡ ಎರಡು ವರ್ಷ ಬಿಟ್ಟು ಹೋದ್ರ ಡೈವೋರ್ಸಿಗೆ ಅದೇ ಕಾರಣ, ಟೆಕ್ಸಾಸಿಗೆ ಹೋಗಬೇಕಿಲ್ಲ, 2003ರ ತಿದ್ದುಪಡಿ ಆದ ಮ್ಯಾಲ ಹೆಂಡತಿ ತಾನು ಇರೋ ಕಡಿ ಕೋರ್ಟಿನಾಗೇ ಅರ್ಜಿ ಹಾಕಬಹುದು. ಆ ಇಮೇಲ್ ಅಳಿಸಬ್ಯಾಡ್ರಿ, ಅವ ಬಿಟ್ಟಾನ ಅನ್ನಾಕ ಅದೇ ಸಾಕ್ಷಿ. ಅವನೂ ಒಪ್ಪಿದ್ರ ಪರಸ್ಪರ ಒಪ್ಪಿಗಿ ಅರ್ಜಿ ಇನ್ನೂ ಹಗುರ, ಆರು ತಿಂಗಳು ಕಾಯೋದನ್ನ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರ ತೀರ್ಪದ. ವಕೀಲರ ಫೀ ಚಿಂತಿ ಇದ್ರ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಹೆಣ್ಮಕ್ಕಳಿಗೆ ಆದಾಯ ಕೇಳದೆ ಪುಕ್ಕಟ ವಕೀಲರನ್ನ ಕೊಡ್ತಾರ.

ಹಾಂ, ಸೊಲ್ಲಾಪುರದ ಹುಡುಗಂದು. ಡಿಕ್ರಿ ಆಗಿ ಎರಡು ತಿಂಗಳು ಅಂದ್ರಿ, ಅವನ ಮೊದಲನೇ ಹೆಂಡತಿ ವಿರೋಧ ಮಾಡಿದ್ಲು ಅಂತನೂ ಬರ್ದೀರಿ. ನಮ್ಮ ಕಾಯ್ದೆಯೊಳಗ ಅಪೀಲಿಗೆ 90 ದಿನ ಅದ, ಅದು ಮುಗಿಯೋ ತನ ಅವನೂ ಹಸೆಮಣಿ ಏರಂಗಿಲ್ಲ. ಡಿಕ್ರಿಯ ಸರ್ಟಿಫೈಡ್ ಕಾಪಿ ಕೇಳಿ ತರಿಸ್ಕೊಳ್ರಿ, ಜೆರಾಕ್ಸ್ ತೋರಿಸಿದ್ರ ಒಪ್ಪಬ್ಯಾಡ್ರಿ.

ಸಂಪಾದಕ